ಮೌನದ ಸಾಕ್ಷ್ಯ: ಮೋಟಾರು ವಾಹನದ ಬ್ರೇಕಿನಲ್ಲಿ ಸಂಪರ್ಕದೋಷದ ನಿದಾನ — ಒಂದು ಚಾರಿತ್ರಿಕ ವಿವೇಚನೆ

೧

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಗೆ ಸೇರಿವೆ. ಈ ಜಿಲ್ಲೆಯು ರೂಪುಗೊಂಡದ್ದು ೧೯೯೭ನೆಯ ಆಗಸ್ಟ್ ೧೫ರಂದು. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದುದು ಇನ್ನೂ ಈಚೆಗೆ. ಆದಕಾರಣ ಈ ಪ್ರದೇಶದ ಶಾಸನಗಳನ್ನು ಅಭ್ಯಾಸ ಮಾಡುವವನು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡು ಸಂಪುಟಗಳನ್ನು, ಎಂದರೆ ೧೯೦೨ರಲ್ಲಿ ಪ್ರಕಟವಾದ ಏಳನೆಯದನ್ನೂ ಚಿತ್ರದುರ್ಗ ಜಿಲ್ಲೆಗೆ ಸಂಬಂಧಿಸಿದ ಹನ್ನೊಂದನೆಯದನ್ನೂ, ಜೊತೆಯಲ್ಲಿಟ್ಟುಕೊಂಡೇ ಹೊರಡಬೇಕಾಗುತ್ತದೆ.

೨೦೨೩ರ ನವೆಂಬರ್ ತಿಂಗಳಿನಲ್ಲಿ ಈ ಲೇಖಕನು ಒಬ್ಬ ಸಹೋದ್ಯೋಗಿಯೊಡನೆಯೂ ಇಬ್ಬರು ವಿದ್ಯಾರ್ಥಿಗಳೊಡನೆಯೂ ಇಂತಹುದೇ ಕ್ಷೇತ್ರಕಾರ್ಯಕ್ಕಾಗಿ ನಾಲ್ಕು ದಿನ ಈ ತಾಲ್ಲೂಕುಗಳಲ್ಲಿ ಸಂಚರಿಸಬೇಕಾಯಿತು. ನಾವು ಗೊತ್ತುಮಾಡಿಕೊಂಡಿದ್ದ ಬಾಡಿಗೆಯ ಕಾರು ಮಾರ್ಗಮಧ್ಯದಲ್ಲಿ ಒಂದು ವಿಚಿತ್ರವಾದ ದೋಷಕ್ಕೆ ಒಳಗಾಯಿತು. ಆ ದೋಷವನ್ನು ಮೂರು ಊರುಗಳಲ್ಲಿ ಮೂವರು ಮೂರು ರೀತಿಯಾಗಿ ಓದಿದರು. ಇಬ್ಬರ ಓದು ತಪ್ಪಿತು, ಒಬ್ಬರದು ಸರಿಹೋಯಿತು. ತಪ್ಪಿದುದು ಏಕೆ, ಸರಿಹೋದುದು ಹೇಗೆ ಎಂಬುದನ್ನು ವಿಚಾರಿಸುತ್ತ ಹೋದಂತೆ, ಇದು ಕೇವಲ ಯಂತ್ರದ ಮಾತಲ್ಲ, ಸಾಕ್ಷ್ಯವನ್ನು ಓದುವ ಕ್ರಮದ ಮಾತು ಎಂಬುದು ಮನವರಿಕೆಯಾಯಿತು. ಸಾಕ್ಷ್ಯವನ್ನು ಓದುವುದೇ ಇತಿಹಾಸಕಾರನ ಕಸುಬಾದುದರಿಂದ ಈ ವಿಷಯವನ್ನು ಪ್ರಸ್ತುತ ಸಂಚಿಕೆಯ ವಾಚಕರ ಮುಂದಿಡಲು ಧೈರ್ಯಮಾಡಿದ್ದೇನೆ.

೨

ಮೊದಲು ಈ ಬ್ರೇಕಿನ ಪೂರ್ವಚರಿತ್ರೆಯನ್ನು ಸಂಗ್ರಹವಾಗಿ ನೋಡುವುದು ಅವಶ್ಯಕ. ಚಾಲಕನು ಬ್ರೇಕನ್ನು ಬಲವಾಗಿ ಒತ್ತಿದಾಗ ಚಕ್ರವು ತಿರುಗುವುದನ್ನು ಪೂರ್ಣವಾಗಿ ನಿಲ್ಲಿಸಿ ಬಿಗಿದುಕೊಂಡರೆ, ವಾಹನವು ನಿಲ್ಲುವುದಕ್ಕೆ ಬದಲಾಗಿ ಜಾರುತ್ತದೆ. ಮುಂದಿನ ಚಕ್ರಗಳು ಬಿಗಿದುಕೊಂಡರಂತೂ ಸ್ಟೀರಿಂಗನ್ನು ಎತ್ತ ತಿರುಗಿಸಿದರೂ ವಾಹನ ಅತ್ತ ತಿರುಗದು. ಈ ಅಪಾಯದ ನಿವಾರಣೆಯನ್ನು ಮೊದಲು ಮನಗಂಡವರು ವಿಮಾನಗಳನ್ನು ಇಳಿಸುವವರು. ೧೯೫೦ರ ದಶಕದಲ್ಲಿ ಇಂಗ್ಲೆಂಡಿನ ಡನ್‌ಲಪ್ ಸಂಸ್ಥೆಯ ‘ಮ್ಯಾಕ್ಸರೆಟ್’ ಎಂಬ ಯಾಂತ್ರಿಕ ಸಾಧನವು ವಿಮಾನಗಳಲ್ಲಿ ಬಳಕೆಗೆ ಬಂದಿತು. ೧೯೬೬ರಲ್ಲಿ ಅದೇ ಸಾಧನವನ್ನು ಜೆನ್ಸನ್ ಎಂಬ ಇಂಗ್ಲಿಷ್ ಕಾರಿಗೂ ಅಳವಡಿಸಿದರು. ವಿದ್ಯುನ್ಮಾನ ನಿಯಂತ್ರಣವುಳ್ಳ ಇಂದಿನ ಮಾದರಿಯ ಎ.ಬಿ.ಎಸ್. ಜರ್ಮನಿಯ ಬಾಷ್ ಸಂಸ್ಥೆಯಿಂದ ತಯಾರಾಗಿ ಮರ್ಸಿಡಿಸ್-ಬೆನ್ಜ್ ಕಾರಿನಲ್ಲಿ ಮಾರುಕಟ್ಟೆಗೆ ಬಂದುದು ೧೯೭೮ರಲ್ಲಿ.

ಇದರ ಕ್ರಮ ಸರಳವಾದುದು. ಪ್ರತಿಯೊಂದು ಚಕ್ರದ ಬಳಿಯೂ ಅದರ ವೇಗವನ್ನು ಅಳೆಯುವ ಒಂದು ಸೆನ್ಸರ್ ಇರುತ್ತದೆ. ಒಂದು ಚಕ್ರವು ಮಿಕ್ಕವುಗಳಿಗಿಂತ ಹಠಾತ್ತಾಗಿ ನಿಧಾನವಾದರೆ, ಅದು ಬಿಗಿದುಕೊಳ್ಳಲಿದೆಯೆಂದು ಗ್ರಹಿಸಿದ ನಿಯಂತ್ರಣ ಘಟಕವು ಆ ಚಕ್ರದ ಬ್ರೇಕ್ ಆಯಿಲಿನ ಒತ್ತಡವನ್ನು ಕ್ಷಣಕಾಲ ಸಡಿಲಿಸಿ ಮತ್ತೆ ಏರಿಸುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಬಾರಿ ಹೀಗಾಗುವುದರಿಂದಲೇ ಚಾಲಕನ ಕಾಲಿನ ಕೆಳಗೆ ಪೆಡಲು ಅದುರುತ್ತದೆ. ಭಾರತದಲ್ಲಿ ೨೦೧೯ರ ಏಪ್ರಿಲಿನಿಂದ ಹೊಸ ಕಾರುಗಳಿಗೂ ೧೨೫ ಸಿ.ಸಿ.ಗೆ ಮೀರಿದ ದ್ವಿಚಕ್ರ ವಾಹನಗಳಿಗೂ ಈ ವ್ಯವಸ್ಥೆಯು ಕಡ್ಡಾಯವಾಯಿತು.

ನಮ್ಮ ತಾಲ್ಲೂಕುಗಳಿಗೆ ಇದರ ಪ್ರಯೋಜನ ಎಷ್ಟೆಂಬುದನ್ನು ಸುಗ್ಗಿಯ ಕಾಲದಲ್ಲಿ ಇಲ್ಲಿ ಪ್ರಯಾಣ ಮಾಡಿದವರು ಬಲ್ಲರು. ಭದ್ರಾ ನಾಲೆಯ ಬಯಲಿನಲ್ಲಿ ಟ್ರ್ಯಾಕ್ಟರಿನ ಚಕ್ರಗಳಿಂದ ಉದುರಿದ ಗದ್ದೆಯ ಕೆಸರು ರಸ್ತೆಯ ಮೇಲೆ ಹರಡಿರುತ್ತದೆ. ಇತ್ತ ಜಗಳೂರಿನ ಕಡೆಗೆ ಮೆಕ್ಕೆಜೋಳವನ್ನೂ ಹುಲ್ಲನ್ನೂ ಡಾಂಬರಿನ ಮೇಲೆಯೇ ಒಣಹಾಕಿರುತ್ತಾರೆ. ಸಡಿಲವಾದ ನೆಲದ ಮೇಲೆ ಈ ಬ್ರೇಕಿನಿಂದ ವಾಹನವು ಒಮ್ಮೊಮ್ಮೆ ಹೆಚ್ಚು ದೂರ ಹೋಗಿ ನಿಲ್ಲುವುದುಂಟು; ಆದರೆ ಎದುರಿಗೆ ಬಂದವನನ್ನು ತಪ್ಪಿಸಿ ಪಕ್ಕಕ್ಕೆ ತಿರುಗಿಸುವ ಶಕ್ತಿ ಚಾಲಕನ ಕೈಯಲ್ಲಿ ಉಳಿದಿರುತ್ತದೆ. ಜೀವ ಉಳಿಯುವುದು ಅನೇಕ ವೇಳೆ ಅಷ್ಟರಿಂದಲೇ.

೩

ಎರಡನೆಯದಾಗಿ ಗಮನಿಸಬೇಕಾದುದು, ವಾಹನದ ಘಟಕಗಳು ಒಂದರೊಡನೊಂದು ಮಾತನಾಡಲು ಕಲಿತ ಚರಿತ್ರೆ. ೧೯೭೦ರ ದಶಕದ ತರುವಾಯ ಎಂಜಿನ್, ಬ್ರೇಕ್, ದೀಪ ಮೊದಲಾದುವಕ್ಕೆಲ್ಲ ಬೇರೆ ಬೇರೆ ನಿಯಂತ್ರಣ ಘಟಕಗಳು ಬಂದುವು. ಒಂದಕ್ಕೆ ಬೇಕಾದ ಸಮಾಚಾರವು ಇನ್ನೊಂದರಲ್ಲಿ ಇದ್ದುದರಿಂದ, ಪ್ರತಿಯೊಂದು ಸಮಾಚಾರಕ್ಕೂ ಪ್ರತ್ಯೇಕ ತಂತಿಯೆಳೆಯುತ್ತ ಹೋಗಿ ವಾಹನದೊಳಗಿನ ತಂತಿಗಳ ಕಟ್ಟು ಬೆಳೆಯುತ್ತಲೇ ಹೋಯಿತು. ಇದಕ್ಕೆ ಪರಿಹಾರವಾಗಿ ಅದೇ ಬಾಷ್ ಸಂಸ್ಥೆಯು ‘ಕ್ಯಾನ್’ ಎಂಬ ಸಂಪರ್ಕಕ್ರಮವನ್ನು ರೂಪಿಸಿ, ೧೯೮೬ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ನಡೆದ ಎಂಜಿನಿಯರುಗಳ ಸಮ್ಮೇಳನದಲ್ಲಿ ಪ್ರಕಟಿಸಿತು. ೧೯೯೩ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು.

ಈ ಕ್ರಮದಲ್ಲಿ ಒಂದಕ್ಕೊಂದು ಹೆಣೆದ ಎರಡೇ ತಂತಿಗಳು ಎಲ್ಲ ಘಟಕಗಳನ್ನೂ ಮುಟ್ಟುತ್ತವೆ. ಮಾತಿಲ್ಲದಾಗ ಎರಡು ತಂತಿಗಳಲ್ಲಿಯೂ ಸುಮಾರು ೨.೫ ವೋಲ್ಟ್ ಇರುತ್ತದೆ. ಯಾವುದಾದರೂ ಘಟಕವು ಸಂಕೇತ ಕಳಿಸುವಾಗ ಒಂದು ೩.೫ಕ್ಕೆ ಏರಿ ಇನ್ನೊಂದು ೧.೫ಕ್ಕೆ ಇಳಿಯುತ್ತದೆ. ಹೊರಗಿನ ವಿದ್ಯುತ್ ಕಲಕಾಟವು ಎರಡನ್ನೂ ಸಮನಾಗಿ ತಟ್ಟುವುದರಿಂದ ಅವುಗಳ ಅಂತರವು ಕೆಡುವುದಿಲ್ಲ. ತಂತಿಗಳ ಎರಡು ಕೊನೆಗಳಲ್ಲಿಯೂ ೧೨೦ ಓಂ ಬೆಲೆಯ ಒಂದೊಂದು ರೋಧಕವಿರುತ್ತದೆ. ಇವೆರಡೂ ಸಮಾನಾಂತರವಾಗಿ ಸೇರುವುದರಿಂದ, ಬ್ಯಾಟರಿಯನ್ನು ಬಿಚ್ಚಿ ಅಳೆದಾಗ ಎರಡು ತಂತಿಗಳ ನಡುವೆ ೬೦ ಓಂ ದೊರೆಯಬೇಕು. ೧೨೦ ದೊರೆತರೆ ಎಲ್ಲಿಯೋ ಒಂದು ಕೊನೆ ಕಡಿದಿದೆ. ಸೊನ್ನೆಗೆ ಸಮೀಪವಾದರೆ ತಂತಿಗಳು ಒಂದನ್ನೊಂದು ಮುಟ್ಟಿವೆ.

ಇತಿಹಾಸದ ವಿದ್ಯಾರ್ಥಿಯ ದೃಷ್ಟಿಯಿಂದ ಇದರಲ್ಲಿ ಒಂದು ವಿಶೇಷವಿದೆ. ಇಲ್ಲಿ ಯಾವ ಘಟಕವೂ ಇನ್ನೊಂದನ್ನು ಹೆಸರಿಟ್ಟು ಕರೆಯುವುದಿಲ್ಲ. ಊರಿನ ನಡುವೆ ಡಂಗುರ ಹೊಡೆದಂತೆ ಪ್ರತಿಯೊಂದೂ ತನ್ನ ಸಮಾಚಾರವನ್ನು ಎಲ್ಲರಿಗೂ ಕೇಳುವಂತೆ ಸಾರುತ್ತದೆ, ಬೇಕಾದವರು ಕೇಳಿಕೊಳ್ಳುತ್ತಾರೆ. ಬ್ರೇಕಿನ ಘಟಕವು ಚಕ್ರಗಳ ವೇಗವನ್ನು ಹೀಗೆ ಎಡೆಬಿಡದೆ ಸಾರುತ್ತಿರಬೇಕು. ನಿಯಮಿತ ಕಾಲದೊಳಗೆ ಅದರ ದನಿ ಕೇಳಿಬರದಿದ್ದರೆ ಎಂಜಿನಿನ ಘಟಕವು ತನ್ನ ಜ್ಞಾಪಕದಲ್ಲಿ ‘ಯು ೦೧೨೧’ ಎಂಬ ಸಂಕೇತವನ್ನು ಬರೆದಿಡುತ್ತದೆ: ‘ಬ್ರೇಕಿನ ಘಟಕದೊಡನೆ ಸಂಪರ್ಕ ತಪ್ಪಿದೆ’ ಎಂದು ಇದರ ಅರ್ಥ. ಈ ದಾಖಲೆಯನ್ನು ಬರೆದವನು ಮೌನವಾದವನಲ್ಲ, ಅವನ ಮಾತಿಗಾಗಿ ಕಾದು ಕುಳಿತಿದ್ದವನು. ಮುಂದಿನ ವಿವೇಚನೆಯೆಲ್ಲವೂ ಈ ಒಂದು ಅಂಶವನ್ನು ಅವಲಂಬಿಸಿದೆ.

೪

ಈಗ ನಮ್ಮ ಪ್ರಕರಣಕ್ಕೆ ಬರೋಣ. ಎರಡನೆಯ ದಿನ ಬೆಳಿಗ್ಗೆ ಚನ್ನಗಿರಿಯಿಂದ ಹೊರಟು ತುಂಗಭದ್ರೆಯನ್ನು ದಾಟಿ ಹೊನ್ನಾಳಿಗೆ ಹೋಗುವ ದಾರಿಯಲ್ಲಿ, ಕಾರು ಒಂದು ಗುಂಡಿಗೆ ಇಳಿದೆದ್ದೊಡನೆ ಎ.ಬಿ.ಎಸ್. ದೀಪವು ಹೊತ್ತಿಕೊಂಡಿತು; ವೇಗದ ಮುಳ್ಳು ಸೊನ್ನೆಗೆ ಬಿದ್ದಿತು. ಸ್ವಲ್ಪ ಹೊತ್ತಿನಲ್ಲಿ ದೀಪ ಆರಿ ಮುಳ್ಳು ಮೇಲೆದ್ದಿತು. ಮುಂದಿನ ಗುಂಡಿಯಲ್ಲಿ ಮತ್ತೆ ಹಾಗೆಯೇ ಆಯಿತು. ಸಾಧಾರಣ ಬ್ರೇಕು ಕೆಲಸಮಾಡುತ್ತಲೇ ಇದ್ದಿತು. ಇಂತಹ ವಾಹನಗಳಲ್ಲಿ ಎ.ಬಿ.ಎಸ್. ಸುಮ್ಮನಾದರೂ ಕಾಲಿನ ಒತ್ತಡವು ಚಕ್ರಗಳನ್ನು ಮುಟ್ಟುವ ದಾರಿ ಉಳಿದಿರುತ್ತದೆ. ಆದರೆ ಜಾರುವಿಕೆಯ ವಿರುದ್ಧ ಇದ್ದ ಕಾವಲು ಇಲ್ಲವಾಗಿರುತ್ತದೆ.

ಹೊನ್ನಾಳಿಯಲ್ಲಿ ಒಂದು ಗ್ಯಾರೇಜಿನವರು ಸ್ಟೀರಿಂಗಿನ ಕೆಳಗಿನ ಕಿಂಡಿಗೆ ಓದುವ ಉಪಕರಣವನ್ನು ಜೋಡಿಸಿದರು. ಎಂಜಿನಿನ ಘಟಕದಲ್ಲಿ ಮೇಲೆ ಹೇಳಿದ ‘ಯು ೦೧೨೧’ ಕಂಡಿತು. ಬ್ರೇಕಿನ ಘಟಕವನ್ನು ವಿಚಾರಿಸಿದರೆ ಅದು ಉತ್ತರವನ್ನೇ ಕೊಡಲಿಲ್ಲ. ಆ ಘಟಕವು ಸತ್ತಿದೆ, ಹೊಸದನ್ನು ಹಾಕಿಸಬೇಕು ಎಂದು ಅವರು ತೀರ್ಮಾನ ಹೇಳಿ, ದೀಪವಾದರೂ ಆರಲೆಂದು ಸಂಕೇತವನ್ನು ಅಳಿಸಿಬಿಟ್ಟರು. ಹೊಸ ಘಟಕಕ್ಕೆ ಅವರು ಹೇಳಿದ ಬೆಲೆ ನಮ್ಮ ಕ್ಷೇತ್ರಕಾರ್ಯಕ್ಕೆ ಮಂಜೂರಾದ ಹಣದ ಹಲವು ಪಟ್ಟಾಗಿತ್ತು. ಕಾರು ಚಾಲಕನ ಸ್ವಂತದ್ದು. ಅದರ ಸಾಲದ ಕಂತು ಇನ್ನೂ ತೀರಿರಲಿಲ್ಲ. ಬೆಲೆಯನ್ನು ಕೇಳಿದ ಮೇಲೆ ನ್ಯಾಮತಿಯವರೆಗೂ ಆತನು ಮಾತನಾಡಲಿಲ್ಲ.

ನ್ಯಾಮತಿಯಲ್ಲಿ ಹಿರಿಯ ಮೆಕ್ಯಾನಿಕರೊಬ್ಬರು ನಾಲ್ಕು ಚಕ್ರಗಳನ್ನೂ ಬಿಚ್ಚಿ ಸೆನ್ಸರುಗಳಿಗೆ ಮೆತ್ತಿದ್ದ ಕೆಸರನ್ನು ತೊಳೆದರು. ಅನುಭವದ ಮಟ್ಟಿಗೆ ಅವರ ಊಹೆ ಸಾಧುವಾದುದೇ. ಈ ದೀಪವು ಹೊತ್ತಿಕೊಳ್ಳಲು ಕೊಳೆಯಾದ ಸೆನ್ಸರು ಅನೇಕ ವೇಳೆ ಕಾರಣವಾಗುತ್ತದೆ. ಆದರೆ ಸೆನ್ಸರು ಕೆಟ್ಟಿದ್ದರೆ ಅದನ್ನು ದೂರುವುದು ಬ್ರೇಕಿನ ಘಟಕವೇ. ಆ ದೂರು ‘ಸಿ’ ವರ್ಗದ ಸಂಕೇತವಾಗಿ ಅದರ ಜ್ಞಾಪಕದಲ್ಲಿಯೇ ದೊರೆಯಬೇಕು. ಇಲ್ಲಿ ಘಟಕವೇ ಮೌನವಾಗಿತ್ತು. ಬೆಳಗುತ್ತಿಯ ಸಿಂದರ ಶಾಸನಗಳನ್ನು ನೋಡಿಕೊಂಡು ಹಿಂದಿರುಗುವಷ್ಟರಲ್ಲಿ ದೀಪವು ಮತ್ತೆ ಹೊತ್ತಿಕೊಂಡಿತ್ತು.

ನಾಲ್ಕನೆಯ ದಿನ ಜಗಳೂರಿನಲ್ಲಿ ನಮಗೆ ದೊರೆತವರು ಲಾರಿ ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ ಮಾಡುವ ಒಬ್ಬ ಎಲೆಕ್ಟ್ರಿಷಿಯನ್. ಅವರ ಬಳಿಯಿದ್ದುದು ಒಂದು ಅಗ್ಗದ ಓದುವ ಉಪಕರಣ, ಒಂದು ಮಲ್ಟಿಮೀಟರ್, ತಂತಿ ಕಟ್ಟಿದ ಒಂದು ಹಳೆಯ ಹೆಡ್‌ಲೈಟ್ ಬಲ್ಬು, ಇಷ್ಟೆ. ಅವರು ಉಪಕರಣವನ್ನು ಮುಟ್ಟುವುದಕ್ಕೆ ಮೊದಲು ಚಾಲಕನನ್ನು ಮೂರು ಪ್ರಶ್ನೆ ಕೇಳಿದರು. ದೀಪ ಹೊತ್ತುವುದು ಗುಂಡಿಯಲ್ಲಿಯೋ, ನೆಟ್ಟನೆಯ ರಸ್ತೆಯಲ್ಲಿಯೋ? ಮುಳ್ಳು ಬೀಳುವುದೂ ಅದೇ ಕ್ಷಣದಲ್ಲಿಯೋ? ಗಾಡಿಗೆ ಎಂದಾದರೂ ಏಟು ಬಿದ್ದಿತ್ತೋ? ಹಿಂದಿನ ವರ್ಷ ಮುಂಭಾಗದ ಎಡಮಗ್ಗುಲು ಜಜ್ಜಿಹೋಗಿ, ತಗಡನ್ನು ನೇರಮಾಡಿಸಿ ಬಣ್ಣ ಹೊಡೆಸಿದುದನ್ನು ಚಾಲಕನು ಆಗ ನೆನಪಿಗೆ ತಂದುಕೊಂಡನು. ಹೊನ್ನಾಳಿಯಲ್ಲಾಗಲಿ ನ್ಯಾಮತಿಯಲ್ಲಾಗಲಿ ಇದನ್ನು ಯಾರೂ ಕೇಳಿರಲಿಲ್ಲ; ಕೇಳದ ಕಾರಣ ಆತನೂ ಹೇಳಿರಲಿಲ್ಲ.

ತರುವಾಯ ಅವರು ಅನುಸರಿಸಿದ ಕ್ರಮವನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಂಡಂತೆಯೇ ಇಲ್ಲಿ ಕೊಡುತ್ತೇನೆ. ಮೊದಲನೆಯದಾಗಿ, ಮತ್ತೆ ಕಂಡ ಸಂಕೇತಗಳನ್ನು ಅಳಿಸದೆ ಕಾಗದದ ಮೇಲೆ ಬರೆಸಿದರು. ಬ್ರೇಕಿನ ಘಟಕ ಸುಮ್ಮನಾಗಿದ್ದರೂ ಮಿಕ್ಕವುಗಳು ಮಾತನಾಡುತ್ತಿದ್ದುದರಿಂದ ತಂತಿಗಳ ಹೆದ್ದಾರಿ ಮುರಿದಿಲ್ಲವೆಂದು ಊಹಿಸಿದರು. ಎರಡನೆಯದಾಗಿ, ಬ್ಯಾಟರಿಯನ್ನು ಬಿಚ್ಚಿ ಕಿಂಡಿಯಲ್ಲಿ ಆರನೆಯ ಮತ್ತು ಹದಿನಾಲ್ಕನೆಯ ಪಿನ್ನುಗಳ ನಡುವೆ ಅಳೆದರು. ೬೦ ಓಂ ದೊರೆಯಿತು. ಇಷ್ಟಕ್ಕೆ ತೃಪ್ತರಾಗದೆ ಬ್ರೇಕಿನ ಘಟಕದ ಪ್ಲಗ್ಗನ್ನು ಕಳಚಿ ಅಲ್ಲಿಯೂ ಅಳೆದರು. ಹೆದ್ದಾರಿ ಸರಿಯಿದ್ದರೂ ಮನೆಗೆ ಬರುವ ಓಣಿ ಕಡಿದಿರಬಹುದಷ್ಟೆ. ಅಲ್ಲಿಯೂ ೬೦ ದೊರೆಯಿತು. ಮಾತು ಹೋಗುವ ದಾರಿ ಸ್ವಚ್ಛವಾಗಿದ್ದಿತು.

ಮೂರನೆಯದಾಗಿ, ಘಟಕಕ್ಕೆ ವಿದ್ಯುತ್ತು ಬರುವ ತಂತಿಯನ್ನೂ ಅದು ಹಿಂದಿರುಗುವ ಅರ್ಥ್ ತಂತಿಯನ್ನೂ ಪರೀಕ್ಷಿಸಿದರು. ಬರುವ ತಂತಿಯಲ್ಲಿ ಬ್ಯಾಟರಿಯ ವೋಲ್ಟ್ ಪೂರ್ತಿಯಾಗಿತ್ತು. ಅರ್ಥ್ ತಂತಿಯು ಮೀಟರಿನಲ್ಲಿ ಸರಿಯಾಗಿಯೇ ಕಂಡಿತು. ಸಾಮಾನ್ಯವಾಗಿ ಇಲ್ಲಿಗೆ ಪರೀಕ್ಷೆ ನಿಂತು ಘಟಕದ ಮೇಲೆ ತಪ್ಪು ಹೊರಿಸಲ್ಪಡುತ್ತಿತ್ತು. ಆದರೆ ಅವರು ಅದೇ ಎರಡು ಪಿನ್ನುಗಳ ನಡುವೆ ಹೆಡ್‌ಲೈಟ್ ಬಲ್ಬನ್ನು ಸೇರಿಸಿದರು. ಬಲ್ಬು ಮಿಣಮಿಣನೆ ಉರಿಯಿತು. ತಂತಿಯ ಕಟ್ಟನ್ನು ಅಲುಗಿಸಿದರೆ ಆರಿ ಆರಿ ಹೊತ್ತಿತು. ಬಲ್ಬು ಉರಿಯುತ್ತಿರುವಾಗಲೇ ಅರ್ಥ್ ಪಿನ್ನಿಗೂ ಬ್ಯಾಟರಿಯ ಋಣಕೊನೆಗೂ ನಡುವೆ ಅಳೆದರೆ ೪ ವೋಲ್ಟಿಗೂ ಮೀರಿತ್ತು. ಅಲ್ಲಿ ಒಂದು ವೋಲ್ಟಿನ ಹತ್ತನೆಯ ಒಂದೆರಡು ಪಾಲಿಗಿಂತ ಹೆಚ್ಚಿರಬಾರದು. “ಸಾರ್, ಇದು ಸತ್ತಿಲ್ಲ. ಇದಕ್ಕೆ ಉಸಿರು ಸಿಗ್ತಾ ಇಲ್ಲ, ಅಷ್ಟೇ” ಎಂದರು.

ಅರ್ಥ್ ತಂತಿಯನ್ನು ತಗಡಿಗೆ ಬಿಗಿದಿದ್ದ ಬೋಲ್ಟನ್ನು ಬಿಚ್ಚಿ ನೋಡಿದಾಗ ಅದರ ಕೆಳಗೆ ಹಿಂದಿನ ವರ್ಷದ ಬಣ್ಣವಿತ್ತು. ಬಣ್ಣದ ಒಂದು ಮೂಲೆ ಕಿತ್ತು ಚೂರು ಲೋಹ ಲೋಹವನ್ನು ತಾಗುತ್ತಿತ್ತು. ಮೀಟರು ಕಳಿಸುವ ಅಲ್ಪ ಪ್ರವಾಹಕ್ಕೆ ಅಷ್ಟು ಸ್ಪರ್ಶ ಸಾಕಾಗಿದ್ದಿತು. ಘಟಕದ ಕೆಲಸಕ್ಕೆ ಸಾಲದಾಗಿತ್ತು. ಬಣ್ಣವನ್ನು ಕೆರೆದು, ತುಕ್ಕನ್ನು ತೆಗೆದು, ಬೋಲ್ಟನ್ನು ಬಿಗಿದಮೇಲೆ ಘಟಕವು ಉತ್ತರ ಕೊಟ್ಟಿತು. ಸಂಕೇತಗಳನ್ನು ಅಳಿಸಿ, ಊರ ಹೊರಗಿನ ಜಲ್ಲಿ ರಸ್ತೆಯಲ್ಲಿ ಬ್ರೇಕು ಒತ್ತಿಸಿ, ಪೆಡಲು ಅದುರಿದುದನ್ನು ಚಾಲಕನ ಬಾಯಿಂದಲೇ ಹೇಳಿಸಿದ ಮೇಲೆ ಅವರು ಕೈ ತೊಳೆದುಕೊಂಡರು. ಅವರು ತೆಗೆದುಕೊಂಡುದು ಎರಡು ಗಂಟೆಯ ಕೂಲಿ.

೫

ಈ ಪ್ರಕರಣದಿಂದ ಇತಿಹಾಸದ ಅಭ್ಯಾಸಿಗಳು ಗ್ರಹಿಸಬಹುದಾದ ಅಂಶಗಳು ಕೆಲವಿವೆ. ಮೊದಲನೆಯದು, ದಾಖಲೆಯಲ್ಲಿ ಏನು ಬರೆದಿದೆಯೆಂಬುದಕ್ಕಿಂತ ಮುಂಚೆ ಅದನ್ನು ಬರೆದವರು ಯಾರೆಂಬುದನ್ನು ಕೇಳಬೇಕು. ‘ಸಂಪರ್ಕ ತಪ್ಪಿದೆ’ ಎಂಬುದು ಎಂಜಿನಿನ ಘಟಕದ ಸತ್ಯವಾದ ಹೇಳಿಕೆ, ಅದರಲ್ಲಿ ಸುಳ್ಳಿಲ್ಲ. ಅದನ್ನು ‘ಬ್ರೇಕಿನ ಘಟಕ ಸತ್ತಿದೆ’ ಎಂದು ಓದಿದುದು ಓದಿದವರ ತಪ್ಪು. ಗೆದ್ದವನ ಶಾಸನದಲ್ಲಿ ಸೋತವನ ಹೆಸರು ಮುಂದೆ ಕಾಣದಿದ್ದರೆ ಅವನ ವಂಶವೇ ಅಳಿಯಿತೆಂದು ಬರೆಯುವ ನಾವೂ ಇದೇ ತಪ್ಪನ್ನು ಮಾಡುತ್ತಿರುತ್ತೇವೆ.

ಎರಡನೆಯದು, ಮೌನವು ಅಭಾವವಲ್ಲ. ರೈಸ್ ಅವರ ಸಂಪುಟಗಳಲ್ಲಿ ಹೊನ್ನಾಳಿ, ಚನ್ನಗಿರಿಗಳ ಎಷ್ಟೋ ಹಳ್ಳಿಗಳ ಹೆಸರೇ ಬರುವುದಿಲ್ಲ. ಆ ಹಳ್ಳಿಗಳಲ್ಲಿ ಜನರಿರಲಿಲ್ಲವೆಂದು ಇದರಿಂದ ಸಿದ್ಧವಾಗದು. ಕಲ್ಲು ಕೆತ್ತಿಸಲು ಬೇಕಾದ ಹಣವಾಗಲಿ ಅಧಿಕಾರವಾಗಲಿ ಅವರಿಗೆ ಇಲ್ಲದಿದ್ದಿರಬಹುದು; ಕಲ್ಲು ಕೆರೆಯ ಏರಿಗೆ ಸೇರಿಹೋಗಿರಬಹುದು. ಮಾತು ಬರದಿದ್ದಾಗ ಮಾತನಾಡುವವನನ್ನು ಶಂಕಿಸುವುದಕ್ಕೆ ಮೊದಲು ಅವನ ಮಾತಿನ ದಾರಿಯನ್ನೂ ಅವನ ಉಸಿರನ್ನೂ ಪರೀಕ್ಷಿಸಬೇಕು.

ಮೂರನೆಯದು, ಭಾರ ಹೊರಿಸದೆ ಸಾಕ್ಷ್ಯವನ್ನು ನಂಬಬಾರದು. ಮೇಲುಮೇಲೆ ಮುಟ್ಟಿ ನೋಡಿದಾಗ ಸರಿಯಾಗಿ ಕಾಣುವ ಆಧಾರವು, ಒಂದು ದೊಡ್ಡ ವಾದವನ್ನು ಅದರ ಮೇಲೆ ನಿಲ್ಲಿಸಿದೊಡನೆ ಕುಸಿಯಬಹುದು. ನಾಲ್ಕನೆಯದು, ಪ್ರತಿ ಮಾಡಿಕೊಳ್ಳುವುದಕ್ಕೆ ಮುಂಚೆ ಯಾವ ದಾಖಲೆಯನ್ನೂ ಅಳಿಸಬಾರದು. ಹೊನ್ನಾಳಿಯಲ್ಲಿ ಅಳಿಸಿಹಾಕಿದ ಸಂಕೇತಗಳ ಜೊತೆಗೆ ಮತ್ತಾವ ಸುಳಿವುಗಳು ಹೋದುವೋ ತಿಳಿಯುವ ಬಗೆ ಈಗ ಇಲ್ಲ.

ಆದರೆ ಈ ಹೋಲಿಕೆಯನ್ನು ಅತಿಯಾಗಿ ಎಳೆಯಲಾಗದು. ಯಂತ್ರವನ್ನು ದುರಸ್ತಿಮಾಡಿ ಮತ್ತೆ ಪ್ರಶ್ನಿಸಿದರೆ ಅದು ಉತ್ತರ ಕೊಡುತ್ತದೆ. ನಮ್ಮ ನಿರ್ಣಯ ಸರಿಯೋ ತಪ್ಪೋ ಜಲ್ಲಿ ರಸ್ತೆಯಲ್ಲಿ ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ. ಬೆಳಗುತ್ತಿಯ ಕಲ್ಲುಗಳು ಹಾಗೆ ಎರಡನೆಯ ಉತ್ತರವನ್ನು ಕೊಡಲಾರವು. ಆದುದರಿಂದಲೇ ಮೆಕ್ಯಾನಿಕನಿಗಿಂತ ಇತಿಹಾಸಕಾರನು ಇನ್ನೂ ನಿಧಾನಿಯಾಗಿರಬೇಕಾಗಿದೆ.

೬

ಕೊನೆಯದಾಗಿ, ಈ ಕಸುಬಿನ ಚರಿತ್ರೆಯನ್ನು ಕುರಿತು ಎರಡು ಮಾತು. ೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು ೧೨೦ ಬಸ್ಸುಗಳಿಂದ ಪ್ರಾರಂಭವಾಯಿತು. ೧೯೫೧ರಲ್ಲಿ ಬೆಂಗಳೂರಿನಲ್ಲಿ ಬಾಷ್ ಸಂಸ್ಥೆಯ ಸಹಯೋಗದಿಂದ ‘ಮೈಕೊ’ ಸ್ಥಾಪಿತವಾಗಿ, ಅದರ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳ ಹೆಸರು ತಾಲ್ಲೂಕು ಕೇಂದ್ರಗಳ ಗ್ಯಾರೇಜುಗಳಿಗೂ ಪರಿಚಿತವಾಯಿತು. ಆ ಕಾಲದ ಮೆಕ್ಯಾನಿಕನು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ ಎಂಜಿನಿನ ಸದ್ದನ್ನು ಕೇಳಿಯೇ ದೋಷವನ್ನು ಹೇಳುತ್ತಿದ್ದನು. ದೋಷವು ಎಲ್ಲರ ಕಿವಿಗೂ ಬೀಳುವಂತಹುದಾಗಿತ್ತು. ಇಂದು ಯಂತ್ರವು ತನ್ನ ದೋಷವನ್ನು ತಾನೇ ಬರೆದಿಡುತ್ತದೆ. ಆದರೆ ಆ ಬರಹವನ್ನು ಓದುವ ಹಕ್ಕು ಎಲ್ಲರಿಗೂ ಸಮನಾಗಿಲ್ಲ. ಹೊಗೆಗೆ ಸಂಬಂಧಿಸಿದ ಎಂಜಿನಿನ ಸಂಕೇತಗಳನ್ನು ಅಗ್ಗದ ಉಪಕರಣವೂ ಓದಬಲ್ಲುದು. ಬ್ರೇಕಿನ ಘಟಕದ ಮಾತನ್ನು ಅನೇಕ ವೇಳೆ ತಯಾರಕರ ಉಪಕರಣವೇ ಓದಬೇಕು. ಜಗಳೂರಿನ ಎಲೆಕ್ಟ್ರಿಷಿಯನ್ನರಿಗೆ ದೊರೆತುದು ಎಂಜಿನಿನ ಘಟಕವು ಕೊಟ್ಟ ಪರೋಕ್ಷ ಸಾಕ್ಷ್ಯ ಮಾತ್ರ. ಅಷ್ಟರಿಂದಲೇ ಅವರು ಸತ್ಯವನ್ನು ಮುಟ್ಟಿದರೆಂಬುದು ಅವರ ಹೆಗ್ಗಳಿಕೆ. ಅಷ್ಟರಿಂದಲೇ ಮುಟ್ಟಬೇಕಾಗಿ ಬಂದಿತೆಂಬುದು ನಮ್ಮ ವ್ಯವಸ್ಥೆಯ ಕೊರತೆ.

ಈ ಕೊರತೆಯ ಪರಿಣಾಮ ಬೀಳುವುದು ಬಡ ಚಾಲಕನ ಮೇಲೆ. ಘಟಕವನ್ನು ಬದಲಾಯಿಸುವ ಶಕ್ತಿಯಿಲ್ಲದವನು ದೀಪದ ಮೇಲೆ ಕಪ್ಪು ಟೇಪು ಅಂಟಿಸಿ ಗಾಡಿಯನ್ನು ಓಡಿಸುತ್ತಾನೆ. ಕಾವಲಿಲ್ಲದ ಆ ಬ್ರೇಕನ್ನು ನಂಬಿ ಶಾಲೆಯ ಮಕ್ಕಳೂ ಆಸ್ಪತ್ರೆಗೆ ಹೋಗುವ ರೋಗಿಗಳೂ ಅದರಲ್ಲಿ ಕುಳಿತಿರುತ್ತಾರೆ. ಒಂದು ಬೋಲ್ಟಿನ ಕೆಳಗಿನ ಬಣ್ಣವನ್ನು ಕೆರೆಯುವ ಜ್ಞಾನವು ಊರಿನಲ್ಲಿ ಇದೆಯೋ ಇಲ್ಲವೋ ಎಂಬುದು ಹೀಗೆ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ.

ನಾವು ಆ ಪ್ರವಾಸದಿಂದ ತಂದ ಟಿಪ್ಪಣಿಗಳಲ್ಲಿ ಶಾಸನಗಳ ಪಾಠಗಳ ನಡುವೆ, ವಿದ್ಯಾರ್ಥಿಯೊಬ್ಬನ ಕೈಬರಹದಲ್ಲಿ, ಈ ಪರೀಕ್ಷೆಯ ಎರಡು ಪುಟಗಳೂ ಸೇರಿಕೊಂಡಿವೆ. ತಾಲ್ಲೂಕು ಊರುಗಳ ಗ್ಯಾರೇಜುಗಳಲ್ಲಿ ಎಣ್ಣೆಯ ಕಲೆಯುಳ್ಳ ಇಂತಹ ಪುಸ್ತಕಗಳು ಇನ್ನೂ ಇದ್ದಾವು. ಇಂದಿನ ದುಡಿಮೆಯ ಚರಿತ್ರೆಗೆ ಅವು ಮೂಲಸಾಮಗ್ರಿ. ಅವುಗಳ ಪ್ರತಿಯನ್ನು ಸಂಗ್ರಹಿಸುವುದು, ಬರೆದವರು ಬದುಕಿರುವಾಗಲೇ ಅವರನ್ನು ಕೇಳಿ ತಿಳಿಯುವುದು, ನಮ್ಮ ವಿದ್ಯಾರ್ಥಿಗಳು ಕೈಕೊಳ್ಳಬಹುದಾದ ಕೆಲಸ. ಕೇಳದಿದ್ದರೆ ಅವರೂ ಹೇಳುವುದಿಲ್ಲ. ಮುಂದೆ ಬರುವವರು ಆ ಮೌನವನ್ನು ನೋಡಿ, ಇಲ್ಲಿ ಏನೂ ಇರಲಿಲ್ಲವೆಂದು ಬರೆದುಕೊಂಡಾರು.